ಎದೆಗೂಡಿನಲ್ಲಿ ದಾರಿ ತಪ್ಪಿದ ಗಾಳಿ

ಪಡುಬಿದ್ರಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಕಾರ್ಕಳದ ಕಡೆಗೆ ತಿರುಗಿದರೆ ಸ್ವಲ್ಪ ದೂರದಲ್ಲೇ ನಂದಿಕೂರು ಸಿಗುತ್ತದೆ. ತೆಂಗು, ಅಡಕೆ, ಗದ್ದೆಗಳ ಊರು. ಅಡ್ವೆ ನಂದಿಕೂರಿನ ಕೋಟಿ-ಚೆನ್ನಯ ಜೋಡುಕರೆ ಕಂಬಳದಿಂದಾಗಿ ಊರಿನ ಹೆಸರು ಹೊರಗಿನವರಿಗೂ ಗೊತ್ತು. ಕೊಂಕಣ ರೈಲಿನ ಒಂದು ನಿಲ್ದಾಣವಿದೆ. ಪಕ್ಕದ ಎಲ್ಲೂರಿನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬಂದ ಮೇಲೆ ರಸ್ತೆಯಲ್ಲಿ ಲಾರಿಗಳೂ ಹೆಚ್ಚಿದವು. ಇಂಥ ಊರಿನಲ್ಲಿ ಎದೆಗೆ ಪೆಟ್ಟು ಬೀಳಲು ದಾರಿಗಳು ಹಲವು. ಅಡಕೆ ಕೊಯ್ಯಲು ಹತ್ತಿದವನು ಜಾರಿ ಬೀಳಬಹುದು, ಮೂರ್ತೆದಾರ ತಾಳೆಮರದಿಂದ ಬೀಳಬಹುದು, ಮಳೆಗಾಲದ ರಸ್ತೆಯಲ್ಲಿ ಬೈಕು ಸ್ಕಿಡ್ ಆಗಬಹುದು, ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಓಡುವವನು ಮುಗ್ಗರಿಸಬಹುದು.

ಬಿದ್ದವನು ಎಷ್ಟೋ ಬಾರಿ ತಾನೇ ಎದ್ದು ಕುಳಿತುಕೊಳ್ಳುತ್ತಾನೆ. ಮೈ ಕೊಡವಿಕೊಂಡು 'ಏನೂ ಆಗಿಲ್ಲ ಮಾರಾಯ್ರೆ' ಎನ್ನುತ್ತಾನೆ. ರಕ್ತ ಕಾಣುವುದಿಲ್ಲ, ಕೈಕಾಲು ಮುರಿದಿರುವುದಿಲ್ಲ. ಪಕ್ಕೆಲುಬಿನ ಹತ್ತಿರ ನೋವಿದೆ, ಉಸಿರು ಎಳೆದುಕೊಂಡಾಗ ಚುಚ್ಚುತ್ತದೆ, ಅಷ್ಟೇ. ಅರ್ಧ ಗಂಟೆ ಕಳೆಯುವುದರೊಳಗೆ ಅದೇ ಮನುಷ್ಯ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಏದುಸಿರು ಬಿಡತೊಡಗಿದರೆ, ಎದೆಯೊಳಗೆ ಗಾಳಿ ತಾನಿರಬಾರದ ಜಾಗಕ್ಕೆ ಹೊಕ್ಕಿರುವ ಸಾಧ್ಯತೆಯನ್ನು ಮೊದಲು ಯೋಚಿಸಬೇಕು. ವೈದ್ಯರು ಇದನ್ನು ನ್ಯುಮೊಥೊರಾಕ್ಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಗಾಳಿ ಮತ್ತು ಎದೆ ಎಂದಷ್ಟೇ. ಜನರ ಮಾತಿನಲ್ಲಿ ಇದು 'ಶ್ವಾಸಕೋಶ ಕುಸಿಯುವುದು'.

ಕುಸಿಯುವುದೆಂದರೇನು? ಶ್ವಾಸಕೋಶಕ್ಕೆ ಹಿಗ್ಗಲು ತನ್ನದೇ ಆದ ಸ್ನಾಯುಗಳಿಲ್ಲ. ಅದು ರಬ್ಬರಿನಂಥ ವಸ್ತು. ಬಿಟ್ಟರೆ ಕುಗ್ಗಿ ಮುದ್ದೆಯಾಗುವುದೇ ಅದರ ಸ್ವಭಾವ. ಆದರೂ ಜೀವಮಾನವಿಡೀ ಅದು ಎದೆಗೂಡಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಕಾರಣ, ಶ್ವಾಸಕೋಶದ ಮೇಲೊಂದು ತೆಳು ಪೊರೆ, ಎದೆಗೂಡಿನ ಒಳಮೈಗೆ ಇನ್ನೊಂದು ಪೊರೆ, ಎರಡರ ನಡುವೆ ಕೆಲವೇ ಮಿಲಿಲೀಟರಿನಷ್ಟು ದ್ರವ. ಎರಡು ಗಾಜಿನ ಹಲಗೆಗಳ ನಡುವೆ ಒಂದು ತೊಟ್ಟು ನೀರು ಹಾಕಿ ಒತ್ತಿದರೆ ಅವನ್ನು ಜಾರಿಸಬಹುದು, ಎಳೆದು ಬಿಡಿಸುವುದು ಕಷ್ಟ. ಇಲ್ಲಿಯೂ ಹಾಗೆಯೇ. ಪ್ಲೂರಾ ಎಂದು ಕರೆಯುವ ಈ ಪೊರೆಗಳ ನಡುವಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಸದಾ ಸ್ವಲ್ಪ ಕಡಿಮೆ. ವಿಶ್ರಾಂತಿಯಲ್ಲಿರುವಾಗ ಸುಮಾರು ಐದು ಸೆಂಟಿಮೀಟರ್ ನೀರಿನ ಮಟ್ಟದಷ್ಟು. ಇಷ್ಟು ಅಲ್ಪ ಸೆಳೆತದ ಮೇಲೆ ಮನುಷ್ಯನ ಉಸಿರಾಟವೆಲ್ಲ ನಿಂತಿದೆ. ಮುರಿದ ಪಕ್ಕೆಲುಬಿನ ಚೂಪು ತುದಿ ಶ್ವಾಸಕೋಶವನ್ನು ಚುಚ್ಚಿದರೆ ಆ ಎಡೆಗೆ ಗಾಳಿ ನುಗ್ಗುತ್ತದೆ, ಸೆಳೆತ ಹೋಗುತ್ತದೆ, ಶ್ವಾಸಕೋಶ ತನ್ನ ಸ್ವಭಾವದಂತೆ ಮುದುಡಿಕೊಳ್ಳುತ್ತದೆ.

ಪೆಟ್ಟೇ ಆಗಬೇಕೆಂದಿಲ್ಲ. ಎತ್ತರಕ್ಕೆ, ತೆಳ್ಳಗೆ ಬೆಳೆದ ತರುಣರಲ್ಲಿ ಶ್ವಾಸಕೋಶದ ತುದಿಯಲ್ಲಿ ಚಿಕ್ಕ ಗುಳ್ಳೆಗಳಿರುವುದುಂಟು. ಅವುಗಳಲ್ಲೊಂದು ಒಡೆದರೆ, ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದವನಿಗೂ ಒಮ್ಮೆಲೇ ಎದೆಯ ಒಂದು ಬದಿ ಹಿಡಿದುಕೊಳ್ಳುತ್ತದೆ. ಧೂಮಪಾನಿಗಳಲ್ಲಿ ಈ ಸಂಭವ ಬಹುಪಾಲು ಹೆಚ್ಚು. ಬೀಡಿ ಸೇದಿ ಸೇದಿ ಶ್ವಾಸಕೋಶ ಸಡಿಲಗೊಂಡ ವೃದ್ಧರಲ್ಲಿ, ಕ್ಷಯ ಬಂದು ಹೋದವರಲ್ಲಿ ಆಗುವ ಕುಸಿತ ಇನ್ನೂ ಗಂಭೀರವಾದದ್ದು. ಅವರಿಗೆ ಮೊದಲೇ ಉಳಿದಿರುವ ಉಸಿರಿನ ಬಂಡವಾಳ ಕಡಿಮೆ. 'ವಯಸ್ಸಾದವರಿಗೆ ದಮ್ಮು ಇದ್ದದ್ದೇ' ಎಂದು ಮನೆಯವರು ಇನ್ಹೇಲರ್ ಕೊಟ್ಟು ರಾತ್ರಿ ಕಳೆಯುವುದು ಇಂಥ ಸಂದರ್ಭದಲ್ಲೇ. ದಿನದಿನದ ದಮ್ಮು ನಿಧಾನವಾಗಿ ಏರುತ್ತದೆ. ಒಂದೇ ಬದಿಯ ನೋವಿನೊಂದಿಗೆ ಹಠಾತ್ತನೆ ಬಂದ ದಮ್ಮು ಬೇರೆಯದು.

ಎಲ್ಲ ಕುಸಿತವೂ ಪ್ರಾಣಾಪಾಯವಲ್ಲ ಎಂಬುದನ್ನೂ ಹೇಳಬೇಕು. ರಂಧ್ರ ತಾನಾಗಿ ಮುಚ್ಚಿಕೊಂಡರೆ ಹೊಕ್ಕ ಗಾಳಿಯನ್ನು ದೇಹ ನಿಧಾನವಾಗಿ ಹೀರಿಕೊಳ್ಳುತ್ತದೆ. ಅಪಾಯವಿರುವುದು ರಂಧ್ರದ ಬಾಯಲ್ಲಿರುವ ಅಂಗಾಂಶ ಸೈಕಲ್ ಟ್ಯೂಬಿನ ವಾಲ್ವಿನಂತೆ ವರ್ತಿಸಿದಾಗ. ಪ್ರತಿ ಉಸಿರಿಗೂ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಒತ್ತಡ ಏರುತ್ತಾ ಹೋಗಿ ಕುಸಿದ ಶ್ವಾಸಕೋಶದ ಜತೆಗೆ ಹೃದಯವನ್ನೂ ಇನ್ನೊಂದು ಬದಿಗೆ ನೂಕುತ್ತದೆ. ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿಗಳು ಅಮುಕಲ್ಪಡುತ್ತವೆ. ಹೃದಯ ಬಡಿಯುತ್ತಿರುತ್ತದೆ, ಆದರೆ ಪಂಪು ಮಾಡಲು ಅದರಲ್ಲಿ ರಕ್ತವೇ ಇರುವುದಿಲ್ಲ. ಇದನ್ನು ಟೆನ್ಶನ್ ನ್ಯುಮೊಥೊರಾಕ್ಸ್ ಎನ್ನುತ್ತಾರೆ. ಇಲ್ಲಿ ಲೆಕ್ಕ ನಿಮಿಷಗಳದ್ದು. ನಂದಿಕೂರಿನಿಂದ ಮಣಿಪಾಲಕ್ಕೆ ಸುಮಾರು ಮೂವತ್ತು ಕಿಲೋಮೀಟರು ದಾರಿ.

ಗುರುತಿಸುವುದು ಹೇಗೆ? ಉಸಿರಾಟ ತ್ವರಿತವಾಗುತ್ತದೆ, ನಾಡಿ ಓಡುತ್ತದೆ, ರೋಗಿ ಚಡಪಡಿಸುತ್ತಾನೆ. ಎದೆಯ ಒಂದು ಬದಿ ಏರಿಳಿಯುತ್ತಿರುತ್ತದೆ, ಇನ್ನೊಂದು ಬದಿ ಉಬ್ಬಿಕೊಂಡು ಸುಮ್ಮನಿರುತ್ತದೆ. ಕೆಲವರಲ್ಲಿ ಕತ್ತಿನ ನರಗಳು ಎದ್ದು ಕಾಣುತ್ತವೆ. ರಕ್ತ ಬಹಳ ಹೋಗಿದ್ದರೆ ಈ ಲಕ್ಷಣ ಕಾಣದೆಯೂ ಇರಬಹುದು. ಕುತ್ತಿಗೆಯ ಅಥವಾ ಎದೆಯ ಚರ್ಮವನ್ನು ಒತ್ತಿದಾಗ ಹಪ್ಪಳ ಮುರಿದಂತೆ ಚರಚರ ಎನಿಸಿದರೆ ಗಾಳಿ ಚರ್ಮದಡಿಗೂ ಹರಿದಿದೆ ಎಂದರ್ಥ. ತುಟಿ, ಉಗುರು ನೀಲಿಗಟ್ಟುವುದು, ಗಂಟಲ ನಡುವಿನ ಶ್ವಾಸನಾಳ ಒಂದು ಬದಿಗೆ ಸರಿಯುವುದು ತಡವಾಗಿ ಬರುವ ಚಿಹ್ನೆಗಳು. ಅವು ಬರಲೆಂದು ಕಾಯುವಂತಿಲ್ಲ.

ವೈದ್ಯರು ಎದೆಯ ಮೇಲೆ ಎಡಗೈ ಬೆರಳಿಟ್ಟು ಬಲಗೈ ಬೆರಳಿನಿಂದ ತಟ್ಟಿ ನೋಡುವುದನ್ನು ಎಲ್ಲರೂ ಕಂಡಿದ್ದಾರೆ. ಈ ಪದ್ಧತಿಯನ್ನು 1761ರಲ್ಲಿ ಪ್ರಕಟಿಸಿದವನು ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಆವೆನ್‌ಬ್ರುಗ್ಗರ್. ಅವನ ತಂದೆ ವಸತಿಗೃಹ ನಡೆಸುತ್ತಿದ್ದವನು. ನೆಲಮಾಳಿಗೆಯ ದ್ರಾಕ್ಷಾರಸದ ಪೀಪಾಯಿಗಳು ಎಲ್ಲಿಯವರೆಗೆ ತುಂಬಿವೆ ಎಂಬುದನ್ನು ತಟ್ಟಿ ತಿಳಿಯುವ ರೂಢಿಯಿಂದ ಮಗನಿಗೆ ಈ ಯೋಚನೆ ಹೊಳೆಯಿತು ಎನ್ನುತ್ತಾರೆ. ಹಲಸಿನಹಣ್ಣನ್ನು ತಟ್ಟಿ ಹದ ಹೇಳುವ ಕರಾವಳಿಯ ಹೆಂಗಸರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಾರದು. ಪೆಟ್ಟಾದ ಬದಿಯಲ್ಲಿ ರಕ್ತ ತುಂಬಿದ್ದರೆ ಸದ್ದು ಮಂದ, ಗಾಳಿ ತುಂಬಿದ್ದರೆ ಡೋಲಿನಂತೆ ಟೊಳ್ಳು. 1803ರಲ್ಲಿ ಈ ಸ್ಥಿತಿಗೆ ನ್ಯುಮೊಥೊರಾಕ್ಸ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿನ ಇಟಾರ್. ರೋಗಿಯಲ್ಲಿ ಕಾಣುವ ಲಕ್ಷಣಗಳನ್ನು 1819ರಲ್ಲಿ ಸರಿಯಾಗಿ ವಿವರಿಸಿದವನು ಅದೇ ದೇಶದ ಲೆನೆಕ್. 1816ರಲ್ಲಿ ಕಾಗದವನ್ನು ಕೊಳವೆಯಂತೆ ಸುತ್ತಿ ಎದೆಯ ಸದ್ದು ಕೇಳಿ, ಅದರಿಂದ ಸ್ಟೆತಾಸ್ಕೋಪನ್ನು ರೂಪಿಸಿದವನೂ ಅವನೇ. ಎದೆಯ ರೋಗಗಳನ್ನು ಜಗತ್ತಿಗೆ ಕೇಳಿಸಿದ ಲೆನೆಕ್ 1826ರಲ್ಲಿ 45ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕ್ಷಯದಿಂದ.

ಈಗ ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ಅಲ್ಟ್ರಾಸೌಂಡ್ ಬಂದಿದೆ. ಉಸಿರಾಡುವಾಗ ಎರಡು ಪೊರೆಗಳು ಒಂದರ ಮೇಲೊಂದು ಜಾರುವುದು ತೆರೆಯ ಮೇಲೆ ಕಾಣುತ್ತದೆ. ನಡುವೆ ಗಾಳಿ ಹೊಕ್ಕರೆ ಆ ಜಾರಾಟ ಕಾಣೆಯಾಗುತ್ತದೆ. ಇದನ್ನು ಮೊದಲು, 1986ರಲ್ಲಿ, ಬರೆದಿಟ್ಟದ್ದು ಪಶುವೈದ್ಯ ವಿಜ್ಞಾನದಲ್ಲಿ, ಅದೂ ಕುದುರೆಗಳ ಬಗ್ಗೆ. ಫ್ರಾನ್ಸಿನ ಲಿಕ್ಟನ್‌ಸ್ಟೈನ್ ಅದನ್ನು 1995ರಲ್ಲಿ ಮನುಷ್ಯರಿಗೆ ಅನ್ವಯಿಸಿ ತೋರಿಸಿದರು. ಆರೋಗ್ಯವಂತ ಶ್ವಾಸಕೋಶದ ಒಂದು ಬಗೆಯ ಚಿತ್ರಕ್ಕೆ ವೈದ್ಯರು ಇಟ್ಟಿರುವ ಹೆಸರು 'ಕಡಲತೀರದ ಚಿಹ್ನೆ': ಮೇಲೆ ಗೆರೆಗೆರೆಯ ಅಲೆ, ಕೆಳಗೆ ಮರಳು. ಗಾಳಿ ತುಂಬಿದ್ದರೆ ಮರಳು ಮಾಯವಾಗಿ ಮೇಲಿನಿಂದ ಕೆಳಗಿನವರೆಗೂ ಬರೇ ಗೆರೆಗಳು. ಆದರೆ ಟೆನ್ಶನ್ ಎಂಬ ಬಲವಾದ ಅನುಮಾನವಿದ್ದು ರೋಗಿ ಕುಸಿಯುತ್ತಿದ್ದರೆ ಎಕ್ಸ್‌ರೇಗೆ ಕಳುಹಿಸಿ ಚಿತ್ರ ಬರುವವರೆಗೆ ಕಾಯಬಾರದೆಂಬುದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ಹಳೆಯ ಪಾಠ. ಅಂಥ ಎಕ್ಸ್‌ರೇಯನ್ನು ತೆಗೆಯಲೇಬಾರದಿತ್ತು ಎಂದು ಅಧ್ಯಾಪಕರು ಹೇಳುವುದುಂಟು.

ಚಿಕಿತ್ಸೆಯ ಮೊದಲ ಹೆಜ್ಜೆ ಬಹಳ ಸರಳ. ದಪ್ಪ ಸೂಜಿಯಿಂದ ಎದೆಯ ಗೋಡೆಯನ್ನು ಚುಚ್ಚಿ ಸಿಕ್ಕಿಬಿದ್ದ ಗಾಳಿಗೆ ಬಾಗಿಲು ತೆರೆಯುವುದು. ಹಿಂದೆ ಇದಕ್ಕೆ ಕಾಲರ್ ಎಲುಬಿನ ಕೆಳಗೆ, ಎರಡನೆಯ ಪಕ್ಕೆಲುಬಿನ ಕೆಳಗಿನ ಸಂದಿಯನ್ನು ಹೇಳುತ್ತಿದ್ದರು. ಎದೆಯ ಸ್ನಾಯು ದಪ್ಪವಿರುವವರಲ್ಲಿ ಸೂಜಿ ಅಲ್ಲಿ ಗುರಿ ಮುಟ್ಟುವುದಿಲ್ಲವೆಂದು ಕಂಡದ್ದರಿಂದ, ಅಪಘಾತ ಚಿಕಿತ್ಸೆಯ ಅಂತಾರಾಷ್ಟ್ರೀಯ ತರಬೇತಿಯಲ್ಲಿ 2018ರಿಂದ ವಯಸ್ಕರಿಗೆ ಕಂಕುಳಿನ ಕೆಳಗೆ ನಾಲ್ಕನೆಯ ಅಥವಾ ಐದನೆಯ ಸಂದಿಯನ್ನು ಸೂಚಿಸಲಾಗುತ್ತಿದೆ. ಸೂಜಿಯಿಂದ ಸಿಗುವುದು ತಾತ್ಕಾಲಿಕ ಬಿಡುಗಡೆ ಮಾತ್ರ. ಅದರ ಹಿಂದೆಯೇ ಎದೆಗೆ ಕೊಳವೆ ಹಾಕಿ ಇನ್ನೊಂದು ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಬೇಕು. ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ, ನೀರು ಅಡ್ಡವಿರುವುದರಿಂದ ಮರಳಿ ಹೋಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಪ್ಲೇಫೇರ್, ಬ್ಯೂಲಾವ್ ಮುಂತಾದವರು ರೂಢಿಗೆ ತಂದ ಈ ಉಪಾಯ ಇಂದಿಗೂ ಬದಲಾಗಿಲ್ಲ. ಗಾಜಿನ ಬಾಟಲಿಯ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಅಷ್ಟೇ.

ಈ ಸರಳತೆಗೆ 1995ರ ಮೇ ತಿಂಗಳಲ್ಲಿ ಆಕಾಶದಲ್ಲೇ ಒಂದು ಪರೀಕ್ಷೆ ನಡೆಯಿತು. ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದಲ್ಲಿದ್ದ ಮಹಿಳೆಯೊಬ್ಬರು ವಿಮಾನ ನಿಲ್ದಾಣಕ್ಕೆ ಬರುವಾಗ ಮೋಟಾರ್‌ಸೈಕಲ್ಲಿನಿಂದ ಬಿದ್ದಿದ್ದರು. ಮೊದಲು ಕೈನೋವೆಂದು ಮಾತ್ರ ತಿಳಿದಿತ್ತು. ವಿಮಾನ ಮೇಲೇರಿದ ಬಳಿಕ ಎದೆನೋವು, ಉಸಿರುಕಟ್ಟು ಶುರುವಾಯಿತು. ಎತ್ತರದಲ್ಲಿ ವಿಮಾನದೊಳಗಿನ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ. ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಅಲ್ಲಿ ಹಿಗ್ಗುತ್ತದೆ. ಪ್ರಯಾಣಿಕರಲ್ಲಿದ್ದ ನಾಟಿಂಗ್‌ಹ್ಯಾಮ್‌ನ ಮೂಳೆ ಶಸ್ತ್ರವೈದ್ಯ ಪ್ರೊ. ಆಂಗಸ್ ವಾಲೇಸ್ ಮತ್ತು ಯುವ ವೈದ್ಯ ಟಾಮ್ ವಾಂಗ್ ಕೈಗೆ ಸಿಕ್ಕಿದ್ದರಿಂದಲೇ ಕೆಲಸ ನಡೆಸಿದರು. ಮೂತ್ರ ತೆಗೆಯುವ ರಬ್ಬರ್ ಕೊಳವೆ, ಅದನ್ನು ಒಳಗೆ ತೂರಿಸಲು ನೆಟ್ಟಗೆ ಮಾಡಿದ ಕೋಟ್ ಹ್ಯಾಂಗರಿನ ತಂತಿ, ಅದನ್ನು ಶುದ್ಧಗೊಳಿಸಲು ಬ್ರಾಂಡಿ, ಗಾಳಿ ಬಿಡಲು ಕುಡಿಯುವ ನೀರಿನ ಬಾಟಲಿ. ಬಾಟಲಿಯಲ್ಲಿ ಗುಳ್ಳೆಗಳೆದ್ದವು, ರೋಗಿಗೆ ಉಸಿರು ಬಂತು, ವಿಮಾನ ಲಂಡನ್ ತಲುಪಿತು. ಇದನ್ನು ಸಾಹಸವೆಂದು ಕೊಂಡಾಡುವವರು ಒಂದು ಮಾತು ಮರೆಯುತ್ತಾರೆ. ಅವರಿಬ್ಬರಿಗೂ ಎಲ್ಲಿ ಚುಚ್ಚಬೇಕು, ಎಷ್ಟು ಆಳಕ್ಕೆ ಎಂಬುದು ತಿಳಿದಿತ್ತು. ಸಿನಿಮಾ ನೋಡಿ ಸೂಜಿ ಹಿಡಿಯುವವನ ಕೈಯಲ್ಲಿ ಇದೇ ಕೆಲಸ ಕೊಲೆಯಾದೀತು. ದುಡಿಮೆಗಾಗಿ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹಾರಾಡುವ ಉಡುಪಿ ಜಿಲ್ಲೆಯವರಿಗೆ ಈ ಘಟನೆಯಲ್ಲಿ ಬೇರೊಂದು ತಿಳಿವಳಿಕೆಯೂ ಇದೆ. ಎದೆಗೆ ಪೆಟ್ಟು ಬಿದ್ದ ದಿನವೇ, ತೋರಿಸಿಕೊಳ್ಳದೆ, ಟಿಕೇಟು ಹಾಳಾಗುತ್ತದೆಂದು ಬಜಪೆಯಲ್ಲಿ ವಿಮಾನ ಹತ್ತುವುದು ಒಳ್ಳೆಯದಲ್ಲ.

ವಿಚಿತ್ರವೆಂದರೆ, ಇಂದು ಆತುರಾತುರವಾಗಿ ಸರಿಪಡಿಸುವ ಈ ಕುಸಿತವನ್ನು ಒಂದು ಕಾಲಕ್ಕೆ ವೈದ್ಯರೇ ಬೇಕೆಂದು ಉಂಟುಮಾಡುತ್ತಿದ್ದರು. ಕ್ಷಯಕ್ಕೆ ಔಷಧವಿಲ್ಲದ ದಿನಗಳವು. ಮುರಿದ ಕೈಗೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಡುವಂತೆ ಹುಣ್ಣಾದ ಶ್ವಾಸಕೋಶಕ್ಕೂ ವಿಶ್ರಾಂತಿ ಕೊಟ್ಟರೆ ಒಳಗಿನ ಕುಳಿಗಳು ಕೂಡಿಕೊಂಡಾವು ಎಂದು ಇಟಲಿಯ ಕಾರ್ಲೋ ಫೋರ್ಲಾನಿನಿ 1882ರಲ್ಲಿ ವಾದಿಸಿದ. ಸೂಜಿಯ ಮೂಲಕ ಪೊರೆಗಳ ನಡುವೆ ಸಾರಜನಕ ಅನಿಲವನ್ನು ಬಿಟ್ಟು ಒಂದು ಶ್ವಾಸಕೋಶವನ್ನು ಮುದುಡಿಸುವುದು ಅವನ ವಿಧಾನ. ದೇಹ ಆ ಗಾಳಿಯನ್ನು ಹೀರಿಕೊಳ್ಳುತ್ತಿದ್ದುದರಿಂದ ಮತ್ತೆ ಮತ್ತೆ ತುಂಬಬೇಕಾಗುತ್ತಿತ್ತು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪ್ರಪಂಚದ ಸ್ಯಾನಟೋರಿಯಂಗಳಲ್ಲೆಲ್ಲ ಇದು ದಿನಬಳಕೆಯ ಚಿಕಿತ್ಸೆಯಾಗಿತ್ತು. ಥಾಮಸ್ ಮನ್ 1924ರಲ್ಲಿ ಪ್ರಕಟಿಸಿದ 'ದಿ ಮ್ಯಾಜಿಕ್ ಮೌಂಟನ್' ಕಾದಂಬರಿಯಲ್ಲಿ ಇಂಥ ರೋಗಿಗಳದೇ ಒಂದು 'ಅರ್ಧ ಶ್ವಾಸಕೋಶದ ಸಂಘ' ಬರುತ್ತದೆ.

ಕನ್ನಡ ನಾಡಿನ ಸ್ಯಾನಟೋರಿಯಂಗಳ ಕಥೆಯೂ ಈ ಕಾಲದ್ದೇ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1921ರಲ್ಲಿ, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ತೆರೆಯಿತು. ಆಕೆ ಮಹಾರಾಜರ ಸೋದರಿ, ಕ್ಷಯಕ್ಕೆ ಬಲಿಯಾದವರು. ಅರಮನೆಯೊಳಗೂ ಅಂಜದೆ ನಡೆದು ಬಂದ ರೋಗವದು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಮಟ್ಟಿಗಂತೂ ಕ್ಷಯ ಬಂದ ಮನೆಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲ. ರೋಗಿಗೆ ತಟ್ಟೆ ಬೇರೆ, ಚಾಪೆ ಬೇರೆ, ಜಗಲಿಯ ಮೂಲೆ ಬೇರೆ.

1943ರಲ್ಲಿ ಸ್ಟ್ರೆಪ್ಟೋಮೈಸಿನ್ ಪತ್ತೆಯಾಗಿ, ಮುಂದಿನ ವರ್ಷಗಳಲ್ಲಿ ಇನ್ನೆರಡು ಔಷಧಗಳು ಬಂದ ಮೇಲೆ ಗಾಳಿ ತುಂಬುವ ಚಿಕಿತ್ಸೆ ಹಿಂದೆ ಸರಿಯಿತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದ ಅಧ್ಯಯನ, ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡ ಬಡ ರೋಗಿಗಳೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1959ರಲ್ಲಿ ತೋರಿಸಿಕೊಟ್ಟಿತು. ಸ್ಯಾನಟೋರಿಯಂಗಳ ಯುಗ ಮುಗಿಯಲು ಅದೂ ಒಂದು ಮುಖ್ಯ ಕಾರಣ. ಆದರೆ ಆ ಯುಗ ಒಂದು ಜ್ಞಾನವನ್ನು ಬಿಟ್ಟುಹೋಯಿತು. ಪ್ಲೂರಾದೊಳಗಿನ ಗಾಳಿಯ ನಡತೆ, ಅದು ಎಷ್ಟು ದಿನದಲ್ಲಿ ಇಂಗುತ್ತದೆ, ಒಂದೇ ಶ್ವಾಸಕೋಶದಲ್ಲಿ ಮನುಷ್ಯ ಹೇಗೆ ಬದುಕಬಲ್ಲ ಎಂಬುದೆಲ್ಲ ವೈದ್ಯರಿಗೆ ಕೈಯ ಗೆರೆಯಂತೆ ಪರಿಚಿತವಾಯಿತು.

ಆ ಹಳೆಯ ಅನುಭವ ಇತ್ತೀಚೆಗೆ ಬೇರೆ ರೂಪದಲ್ಲಿ ಮರಳಿದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಆಸ್ಪತ್ರೆಗಳಲ್ಲಿ, ಪೆಟ್ಟಿಲ್ಲದೆ ತಾನಾಗಿ ಶ್ವಾಸಕೋಶ ಕುಸಿದ 316 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಕೊಳವೆ ಹಾಕದೆ ಬರೇ ಕಾದು ನೋಡಿದರು. ಎಂಟು ವಾರಗಳಲ್ಲಿ ಹಾಗೆ ಕಾದವರಲ್ಲಿ ನೂರಕ್ಕೆ ಸುಮಾರು 94 ಮಂದಿಯ ಶ್ವಾಸಕೋಶ ತಾನೇ ಹಿಗ್ಗಿತ್ತು. ಆದ್ದರಿಂದ ತೊಂದರೆ ಕಡಿಮೆಯಿರುವ ತರುಣನಿಗೆ ವೈದ್ಯರು 'ಕೊಳವೆ ಬೇಡ, ನಾಡಿದ್ದು ಬನ್ನಿ' ಎಂದರೆ ಅದು ಅಸಡ್ಡೆಯಲ್ಲ. ಮನೆಯವರು ಬೇರೆ ಆಸ್ಪತ್ರೆಗೆ ಓಡಬೇಕಾಗಿಯೂ ಇಲ್ಲ. ಅಪಘಾತದ ಕುಸಿತಕ್ಕೆ, ಬೀಡಿಯಿಂದ ಹಾಳಾದ ಶ್ವಾಸಕೋಶದ ಕುಸಿತಕ್ಕೆ ಈ ಮಾತನ್ನು ಅನ್ವಯಿಸಬಾರದು.

ಮತ್ತೆ ರಸ್ತೆಬದಿಗೆ ಬಂದರೆ, ಅಲ್ಲಿರುವವರು ಮಾಡಬಹುದಾದದ್ದು ಕಡಿಮೆ, ಆದರೆ ಅದು ಸಣ್ಣದಲ್ಲ. 108ಕ್ಕೆ ಕರೆ ಮಾಡಿ 'ಎದೆಗೆ ಪೆಟ್ಟಾಗಿದೆ, ಉಸಿರು ಕಷ್ಟವಾಗುತ್ತಿದೆ' ಎಂದು ಅದನ್ನೇ ಸ್ಪಷ್ಟವಾಗಿ ಹೇಳಬೇಕು. ಬೆನ್ನುಮೂಳೆಗೆ ಪೆಟ್ಟಾದ ಅನುಮಾನವಿಲ್ಲದಿದ್ದರೆ ಒರಗಿ ಕೂರಲು ಬಿಡಬೇಕು. ಮರದಿಂದ ಬಿದ್ದವರಲ್ಲಿ ಆ ಅನುಮಾನ ಯಾವಾಗಲೂ ಇರುತ್ತದೆ. ಅಂಥವರನ್ನು ಕೈಕಾಲು ಹಿಡಿದು ರಿಕ್ಷಾಕ್ಕೆ ತುರುಕುವುದರಿಂದ ಇನ್ನೊಂದು ಅನಾಹುತವಾದೀತು. ಎದೆಗೆ ಬೈರಾಸನ್ನು ಬಿಗಿಯಾಗಿ ಸುತ್ತುವುದು ನೋವಿಗೆ ಹಿತವೆನಿಸಿದರೂ ಉಸಿರಿಗೆ ಅಡ್ಡಿ. ನೀರು, ಸೋಡಾ, ಚಹಾ ಕುಡಿಸಬಾರದು. ಚುಚ್ಚಿಕೊಂಡ ಕೋಲೋ ಕತ್ತಿಯೋ ಇದ್ದರೆ ಕೀಳಬಾರದು. ಎದೆಯಲ್ಲಿ ತೆರೆದ ಗಾಯವಾಗಿ ಗಾಳಿ ಸುಯ್ಯೆಂದು ಆಡುತ್ತಿದ್ದರೆ ಪ್ಲಾಸ್ಟಿಕ್ ಹಚ್ಚಿ ಪೂರ್ತಿ ಮುಚ್ಚಿಬಿಡುವುದೂ ಅಪಾಯ. ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲದಂತಾಗಿ ಟೆನ್ಶನ್ ಆಗಬಹುದು. ರಕ್ತ ಹೆಚ್ಚು ಹರಿಯದಿದ್ದರೆ ಗಾಯವನ್ನು ತೆರೆದೇ ಬಿಡುವುದು ಈಗಿನ ಪ್ರಥಮ ಚಿಕಿತ್ಸೆಯ ಸಲಹೆ.

ಕರಾವಳಿಯಲ್ಲಿ ಇನ್ನೊಂದು ಅಭ್ಯಾಸವಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದ ಮೇಲೆ, ಸುತ್ತಲಿನ ಊರುಗಳಿಗೆ ದೊಡ್ಡ ಆಸ್ಪತ್ರೆಯೆಂದರೆ ಮಣಿಪಾಲವೇ ಆಗಿಹೋಯಿತು. 'ಮಣಿಪಾಲಕ್ಕೆ ಕೊಂಡುಹೋದರು' ಎಂದರೆ ಕಾಯಿಲೆ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಆ ನಂಬಿಕೆ ತಪ್ಪಲ್ಲ. ಆದರೆ ಟೆನ್ಶನ್ ನ್ಯುಮೊಥೊರಾಕ್ಸಿಗೆ ಬೇಕಾದ ಮೊದಲ ಚಿಕಿತ್ಸೆ ಒಂದು ಸೂಜಿ ಮತ್ತು ಅದನ್ನು ಬಲ್ಲ ಒಬ್ಬ ವೈದ್ಯ. ದಾರಿಯಲ್ಲಿ ಸಿಗುವ, ವೈದ್ಯರಿರುವ ಆಸ್ಪತ್ರೆಯನ್ನು ದಾಟಿ, ಮೂವತ್ತು ಕಿಲೋಮೀಟರು ದೂರದ ದೊಡ್ಡ ಕಟ್ಟಡಕ್ಕೇ ಹೋಗಬೇಕೆಂಬ ಹಠದಲ್ಲಿ ಕಳೆದುಹೋಗುವುದು ರೋಗಿಯ ಬಳಿ ಉಳಿದ ನಿಮಿಷಗಳೇ. ಮೊದಲು ಗಾಳಿ ತೆಗೆಸಿ, ಆಮ್ಲಜನಕ ಕೊಡಿಸಿ, ಅನಂತರ ಮುಂದೆ ಒಯ್ಯಬಹುದು.

ಪೋಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲುವವರಿಗೂ ಈಗ ಆ ಕಾರಣ ಉಳಿದಿಲ್ಲ. ಗಾಯಾಳುವಿಗೆ ನೆರವಾದವರನ್ನು ರಕ್ಷಿಸುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚಿನಲ್ಲಿ ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಕಲಮು ಸೇರಿತು. ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರು ಹೇಳಬೇಕೆಂದು ಬಲವಂತ ಮಾಡುವಂತಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಬಾಟಲಿ ಹಿಡಿದುಕೊಂಡು ನಡೆದಾಡುವ ರೋಗಿಗಳು ಕಾಣಸಿಗುತ್ತಾರೆ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು, ಇಲ್ಲದಿದ್ದರೆ ನೀರು ಎದೆಯೊಳಗೆ ಹರಿದೀತು. ನೋಡಲು ಬಂದ ನೆಂಟರು ಅದನ್ನೆತ್ತಿ ಮಂಚದ ಮೇಲಿಡುವುದನ್ನು ತಡೆಯುವುದೇ ನರ್ಸುಗಳಿಗೆ ಒಂದು ಕೆಲಸ. ಉಸಿರಿನೊಂದಿಗೆ ಕೊಳವೆಯ ನೀರು ಏರಿಳಿಯುತ್ತಿದ್ದರೆ ದಾರಿ ತೆರೆದಿದೆ ಎಂದರ್ಥ. ಕೆಮ್ಮಿದಾಗ ಗುಳ್ಳೆ ಬಂದರೆ ಒಳಗೆ ಇನ್ನೂ ಸೋರಿಕೆಯಿದೆ. ಗುಳ್ಳೆ ನಿಂತು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಗೋಡೆಗೆ ತಾಗಿದ್ದು ಕಂಡ ಮೇಲೆ ರೋಗಿಗೆ ಉಸಿರು ಬಿಗಿಹಿಡಿಯಲು ಹೇಳಿ ಕೊಳವೆಯನ್ನು ಎಳೆದು ಹೊಲಿಗೆ ಹಾಕುತ್ತಾರೆ. ಮನೆಗೆ ಕಳುಹಿಸುವಾಗ ಬೀಡಿ, ಸಿಗರೇಟು ಬಿಡಲು ಹೇಳುತ್ತಾರೆ, ಏಕೆಂದರೆ ತಾನಾಗಿ ಕುಸಿದದ್ದು ಇನ್ನೊಮ್ಮೆ ಕುಸಿಯುವುದುಂಟು. ಶ್ವಾಸಕೋಶ ಪೂರ್ತಿ ಹಿಗ್ಗಿದ್ದು ಖಚಿತವಾಗಿ ಕನಿಷ್ಠ ಒಂದು ವಾರ ಕಳೆಯುವವರೆಗೆ ವಿಮಾನ ಬೇಡವೆನ್ನುತ್ತಾರೆ. ನೇತ್ರಾಣಿಯಂಥ ಕಡೆ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುವ ಹವ್ಯಾಸವಿದ್ದ ತರುಣನಿಗೆ, ಮರುಕಳಿಸದಂತೆ ಶಸ್ತ್ರಚಿಕಿತ್ಸೆ ಆಗುವವರೆಗೂ ಅದನ್ನು ಬಿಟ್ಟುಬಿಡಲು ಹೇಳುತ್ತಾರೆ.